ಶಾಲೆ ಬಿಡೋದು 3:30ಕ್ಕೆ, ಅಮ್ಮ ಮನೆಗೆ ಬರೋದು 6:15ಕ್ಕೆ: ಬೇರೆಯಾದ ಮೇಲೆ ಕಟ್ಟಿಕೊಂಡ ಬಳಗದ ಒಂದು ಪ್ರಕರಣ

ಪ್ರಕರಣ ಇಷ್ಟು. ಅಮ್ಮನಿಗೆ 34 ವರ್ಷ. ಮಗಳು ಎರಡನೇ ಕ್ಲಾಸು, ಮಗನಿಗೆ ಆಗಷ್ಟೇ 3 ತುಂಬಿತ್ತು. ಬೆಂಗಳೂರಿನ ಗಂಡನ ಮನೆ ಬಿಟ್ಟು ಮೈಸೂರಿಗೆ ಬಂದು ಮಹಡಿ ಮೇಲಿನ ಎರಡು ರೂಮಿನ ಮನೆ ಬಾಡಿಗೆಗೆ ಹಿಡಿದರು. ಮೈಸೂರಿನದೇ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಅಕೌಂಟ್ಸ್ ಕೆಲಸ ಸಿಕ್ಕಿತು. ವಾರಕ್ಕೆ 6 ದಿನ, ಕೈಗೆ ಬರುವುದು ತಿಂಗಳಿಗೆ 26 ಸಾವಿರ. ಮನೆಯಲ್ಲಿ ಹೊಡೆತ ಬಡಿತ ಇರಲಿಲ್ಲ, ಕುಡಿತ ಇರಲಿಲ್ಲ. ಸಾಲ ಇತ್ತು, ಸಾಲದ ಬಗ್ಗೆ ಸುಳ್ಳು ಇತ್ತು, ಕೊನೆಕೊನೆಗೆ ಒಂದೇ ಮನೆಯಲ್ಲಿದ್ದು ವಾಟ್ಸಾಪ್‌ನಲ್ಲಿ ಮಾತಾಡುವಷ್ಟು ಮೌನ ಇತ್ತು. ಹೊಡೆತ ಇರಲಿಲ್ಲ ಅನ್ನೋದನ್ನ ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಇವರು ಮಾಡಿದ ಒಂದು ದೊಡ್ಡ ತೀರ್ಮಾನ ಪೂರ್ತಿ ಅದರ ಮೇಲೇ ನಿಂತಿದೆ.

ನಾನು ಕೌಟುಂಬಿಕ ಸಮಾಲೋಚನೆ ಕೆಲಸ ಮಾಡುವವಳು. ಇವರು ನನ್ನ ಹತ್ತಿರ ಬಂದಿದ್ದು ಗಂಡನ ವಿಷಯಕ್ಕಲ್ಲ. ಮಗಳಿಗೆ ಸೋಮವಾರ ಬೆಳಿಗ್ಗೆ ಹೊಟ್ಟೆನೋವು, ಪ್ರತಿ ಸೋಮವಾರ, ಡಾಕ್ಟರ್ ನೋಡಿ ಏನೂ ಇಲ್ಲ ಅಂದಿದ್ದರು. ಬರೆಯಲು ಇವರೇ ಒಪ್ಪಿದ್ದಾರೆ. ಹೆಸರು, ಬಡಾವಣೆ ಬಿಟ್ಟಿದ್ದೇನೆ.

ಮೊದಲ ಆರು ತಿಂಗಳು

ಬಿಟ್ಟು ಬಂದ ವಾರ ಫೋನೋ ಫೋನು. ದೊಡ್ಡಪ್ಪನ ಮಕ್ಕಳು, ಕಾಲೇಜಿನ ಗೆಳತಿಯರು, ಚಿಕ್ಕಮ್ಮಂದಿರು. ಎಲ್ಲರದ್ದೂ ಒಂದೇ ಮಾತು, "ಏನಾದ್ರೂ ಬೇಕಿದ್ರೆ ಹೇಳಮ್ಮ, ಸಂಕೋಚ ಪಟ್ಕೋಬೇಡ." ಹಾಗೆ ಹೇಳಿದವರೆಲ್ಲ ಸುಳ್ಳರಲ್ಲ. ಆದರೆ ಏನು ಬೇಕು, ಯಾವತ್ತು, ಎಷ್ಟು ಹೊತ್ತು ಅಂತ ಹೇಳಿದವರಿಗೂ ಗೊತ್ತಿಲ್ಲ, ಕೇಳಿಸಿಕೊಂಡವರಿಗೂ ಗೊತ್ತಿಲ್ಲ. ಇವರು ಕೇಳಲಿಲ್ಲ, ಅವರು ಬರಲಿಲ್ಲ. ಎರಡು ತಿಂಗಳಿಗೆ ಫೋನು ತಣ್ಣಗಾಯಿತು.

ಕೆ.ಆರ್. ನಗರದ ಹತ್ತಿರದ ಹಳ್ಳಿಯಿಂದ ತಾಯಿ ಬಂದು ಉಳಿದರು. ನಮ್ಮ ಕಡೆ ಇದೇ ಅಲ್ವಾ ಮೊದಲ ಮತ್ತು ಕೊನೆಯ ವ್ಯವಸ್ಥೆ, ಏನೇ ಆಗಲಿ ಅಮ್ಮನನ್ನು ಕರೆಸು. ಆ ಅಮ್ಮನಿಗೆ ಮಂಡಿನೋವು, ಮಹಡಿ ಮೆಟ್ಟಿಲು. ಊರಲ್ಲಿ ಅಪ್ಪನಿಗೆ ಶುಗರ್, ಡೈರಿಗೆ ಹಾಲು ಹಾಕುವ ಎರಡು ಹಸು. ಹಸುವಿನ ಕೆಲಸ ಪೂರ್ತಿ ಅತ್ತಿಗೆಯ ತಲೆಗೆ ಬಿತ್ತು. ಅತ್ತಿಗೆ ಮುಖ ಊದಿಸಿಕೊಂಡಿದ್ದಾರೆ ಅಂತ ಇವರು ನನ್ನ ಹತ್ತಿರ ದೂರು ಹೇಳಿದರು. ನ್ಯಾಯವಾಗಿ ನೋಡಿದರೆ, ಬೆಳಿಗ್ಗೆ 5ಕ್ಕೆ ಎದ್ದು ಸಗಣಿ ಬಾಚಿ ಎರಡು ಹಸು ಹಾಲು ಕರೆಯುವ ಕೆಲಸ ಯಾರನ್ನೂ ಕೇಳದೆ ಆ ಹೆಣ್ಣುಮಗಳ ಪಾಲಿಗೆ ಬಂದಿತ್ತು, ಮುಖ ಊದದೆ ಇನ್ನೇನಾಗುತ್ತೆ.

ಇನ್ನೊಂದು, ರಾತ್ರಿಯ ಮಾತು. ಪಾತ್ರೆ ತೊಳೆದು ಕೂತ ಮೇಲೆ ತಾಯಿ ಶುರು ಮಾಡುತ್ತಿದ್ದರು. "ಗಂಡಸರು ಅಂದ್ಮೇಲೆ ಇದ್ದಿದ್ದೇ ಕಣೆ. ಸ್ವಲ್ಪ ಅನುಸರಿಸ್ಕೊಂಡು ಹೋಗಿದ್ರೆ ಏನಾಗ್ತಿತ್ತು?" ದಿನಾ ಇದೇ. ಮಗಳು ಪಕ್ಕದ ರೂಮಿನಲ್ಲಿ ಕಣ್ಣು ಮುಚ್ಚಿಕೊಂಡು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಭಾನುವಾರ ಊರಿನಿಂದ ಯಾರಾದರೂ ಬಂದರೆ ಇದು ಇನ್ನೂ ಜೋರು. ಸೋಮವಾರದ ಹೊಟ್ಟೆನೋವು ಎಲ್ಲಿಂದ ಬರುತ್ತಿತ್ತು ಅಂತ ಹುಡುಕಲು ದೂರ ಹೋಗಬೇಕಿರಲಿಲ್ಲ.

ಸೋದರಮಾವ ಮಗಳ ಶಾಲೆಯ ಫೀಸು 38 ಸಾವಿರ ಕಟ್ಟಿದರು. ಒಳ್ಳೆ ಮನಸ್ಸಿಂದಲೇ ಕಟ್ಟಿದರು. ಆದರೆ ಕಟ್ಟಿದ ಮೇಲೆ ಗಂಡನಿಗೆ ತಾವೇ ಫೋನು ಮಾಡಲು ಶುರು ಮಾಡಿದರು, ಯಾರದೋ ಗೃಹಪ್ರವೇಶದಲ್ಲಿ ಇಬ್ಬರನ್ನೂ ಕೂರಿಸಿ ಪಂಚಾಯ್ತಿಗೂ ಹೊರಟರು. "ನಾನು ಇಷ್ಟು ಮಾಡಿಲ್ವಾ, ನನ್ನ ಒಂದು ಮಾತು ಕೇಳಲ್ವಾ?" ಅನ್ನುವ ಸಾಲು ಆಗಲೇ ಬಂದಿದ್ದು. ಇವರು ಆಫೀಸಿನ ಚೀಟಿ ಎತ್ತಿ ಆ ದುಡ್ಡು ವಾಪಸ್ ಕೊಟ್ಟರು. ಮಾವ ಬೇಜಾರು ಮಾಡಿಕೊಂಡು ಸ್ವಲ್ಪ ದಿನ ಮಾತು ಬಿಟ್ಟರು. ಆ ಚೀಟಿ ಎತ್ತಿದ್ದು ಸರಿಯಾದ ಕೆಲಸ ಅಂತ ಆಗಲೂ ಹೇಳಿದ್ದೆ, ಈಗಲೂ ಹೇಳುತ್ತೇನೆ.

ಜ್ವರದ ರಾತ್ರಿ

ತಾಯಿ ಊರಿಗೆ ವಾಪಸ್ ಹೋದ ಮೇಲೆ ಒಂದು ರಾತ್ರಿ ಒಂದೂವರೆಗೆ ಮಗನಿಗೆ 103 ಡಿಗ್ರಿ ಜ್ವರ. ಒದ್ದೆ ಬಟ್ಟೆ ಹಾಕಿದರು, ಮನೆಯಲ್ಲಿದ್ದ ಸಿರಪ್ ಕೊಟ್ಟರು, ವಾಂತಿ ಮಾಡಿಕೊಂಡ. ಮಗಳು ನಿದ್ದೆಯಲ್ಲಿದ್ದಳು. ಇಬ್ಬರನ್ನೂ ಎತ್ತಿಕೊಂಡು ಹೋಗೋದಾ, ಏಳು ವರ್ಷದವಳನ್ನು ಒಳಗೆ ಬಿಟ್ಟು ಬೀಗ ಹಾಕಿಕೊಂಡು ಹೋಗೋದಾ? ಫೋನಿನಲ್ಲಿ ಮೇಲಿಂದ ಕೆಳಗೆ ನಂಬರ್ ನೋಡುತ್ತಾ ಹೋದರಂತೆ. "ಇವರಿಗೆ ಈ ಹೊತ್ತಲ್ಲಿ ಮಾಡಬಹುದಾ" ಅಂತ ಒಂದೊಂದು ಹೆಸರಿಗೂ ಕೇಳಿಕೊಂಡು, ಒಂದನ್ನೂ ಒತ್ತಲಾಗದೆ, ಕೊನೆಗೆ ಮಗನನ್ನು ಹೆಗಲಿಗೆ ಹಾಕಿಕೊಂಡು ಕೆಳಗಿನ ಓನರ್ ಮನೆ ಬಾಗಿಲು ತಟ್ಟಿದರು.

ಈ ಓನರ್ ಆಂಟಿ ಬಾಡಿಗೆಗೆ ಕೊಡುವಾಗ "ಯಜಮಾನ್ರು ಎಲ್ಲಿರ್ತಾರೆ, ಯಾವಾಗ ಬರ್ತಾರೆ" ಅಂತ ಮೂರು ಸಲ ಕೇಳಿದವರು. ಆ ರಾತ್ರಿ ನೈಟಿ ಮೇಲೊಂದು ಟವೆಲ್ ಹೊದ್ದುಕೊಂಡು ಬಂದವರು ಏನನ್ನೂ ಕೇಳಲಿಲ್ಲ. ಮೆಟ್ಟಿಲು ಹತ್ತಿ ಮಗಳ ಪಕ್ಕ ಹೋಗಿ ಮಲಗಿದರು. ಅವರ ಯಜಮಾನರು ಸ್ಕೂಟರ್ ತೆಗೆದರು.

ಮುಂದಿನ ವಾರ ಇದನ್ನು ಹೇಳುವಾಗ ಇವರಿಗೇ ಆಶ್ಚರ್ಯ. "ಆಂಟಿ ಹತ್ರ ನಾನು ಕಷ್ಟ ಸುಖ ಏನೂ ಹೇಳ್ಕೊಂಡಿರ್ಲಿಲ್ಲ ಮೇಡಂ. ಇವಳ ಹತ್ರ ಸ್ವಲ್ಪ ಹೊತ್ತು ಇರ್ತೀರಾ ಅಂದೆ, ಅಷ್ಟೆ." ನನಗೂ ಅಲ್ಲೇ ಹಿಡಿ ಸಿಕ್ಕಿತು. ನನ್ನ ಕಷ್ಟಕ್ಕೆ ಆಗಿ ಅಂತ ಕೇಳಿದರೆ ಜನ ಹೆದರುತ್ತಾರೆ, ಅದಕ್ಕೆ ಕೊನೆಯೇ ಕಾಣುವುದಿಲ್ಲ. ಬುಧವಾರ 3:30ರಿಂದ 6ರವರೆಗೆ ಇವಳನ್ನು ಕೂರಿಸಿಕೊಳ್ಳುತ್ತೀರಾ ಅಂದರೆ ಆಗುತ್ತೆ ಅನ್ನಬಹುದು, ಆಗಲ್ಲ ಅನ್ನಬಹುದು. ಎರಡೂ ಸಲೀಸು.

ಒಂದು ಹಳೇ ನೋಟ್‌ಬುಕ್

ಮಗಳ ಹಳೇ ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಗೆರೆ ಎಳೆದೆವು. ಯಾವಾಗ, ಏನು, ಯಾರು. ಮೊದಲು "ಯಾವಾಗ" ಮತ್ತು "ಏನು" ಮಾತ್ರ ತುಂಬಿಸಿ ಅಂದೆ, ಹೆಸರು ಆಮೇಲೆ. ಎರಡು ವಾರ ಬರೆದು ತಂದರು. ಇಡೀ ಬದುಕೇ ಬಿದ್ದುಹೋಗಿದೆ ಅಂತ ಕಾಣುತ್ತಿದ್ದದ್ದು ನೋಟ್‌ಬುಕ್ಕಿನಲ್ಲಿ ಹದಿಮೂರು ಸಾಲಾಯಿತು. ಮಧ್ಯಾಹ್ನ 3:30ರಿಂದ 6:15. ಎರಡನೇ ಶನಿವಾರ ಶಾಲೆಗೆ ರಜೆ, ಕಾರ್ಖಾನೆಗೆ ಇಲ್ಲ. ರಾತ್ರಿ ಆಸ್ಪತ್ರೆ. ಕೋರ್ಟಿನ ಡೇಟ್. ಗ್ಯಾಸ್ ಸಿಲಿಂಡರ್ ಬರುವ ದಿನ ಮನೆಯಲ್ಲಿ ಯಾರು. ಪೇರೆಂಟ್ಸ್ ಮೀಟಿಂಗ್. ತನಗೇ ಹುಷಾರಿಲ್ಲದಿದ್ದರೆ. ಕೊನೆಯ ಸಾಲು, "ಸುಮ್ನೆ ಮಾತಾಡಕ್ಕೆ".

ಆಮೇಲೆ ಅವರೇ ನಾಲ್ಕನೇ ಗೆರೆ ಎಳೆದರು, "ನಾನು ಅವರಿಗೆ ಏನು". ಇದು ನನಗೆ ಹೊಳೆದಿದ್ದಲ್ಲ. ಹಳ್ಳಿಯಲ್ಲಿ ಬೆಳೆದ ಹುಡುಗಿ, ನಾಟಿ ಕಾಲದಲ್ಲಿ ಮುಯ್ಯಾಳು ನೋಡಿದವಳು. ಇವತ್ತು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ಅಲ್ಲಿ ಯಾರೂ ಯಾರಿಗೂ ಉಪಕಾರ ಮಾಡುವುದಿಲ್ಲ, ಹಾಗಾಗಿ ಯಾರೂ ಬುದ್ಧಿ ಹೇಳುವುದೂ ಇಲ್ಲ. ಸೋದರಮಾವನ 38 ಸಾವಿರಕ್ಕೂ ಇದಕ್ಕೂ ಇರುವ ವ್ಯತ್ಯಾಸ ಅವರಿಗೆ ಚೆನ್ನಾಗಿ ಗೊತ್ತಿತ್ತು.

ಹೆಸರುಗಳು ಒಂದೊಂದಾಗಿ ಬಂದವು. ಓನರ್ ಅಂಕಲ್‌ಗೆ ಒಂದು ಚಿಕ್ಕ ಹಾರ್ಡ್‌ವೇರ್ ಅಂಗಡಿ, ಅದರ ಜಿಎಸ್‌ಟಿ ಲೆಕ್ಕ ಇವರು ನೋಡಿಕೊಡುತ್ತಾರೆ, ರಾತ್ರಿ ಆಸ್ಪತ್ರೆ ಸಾಲು ಅವರದ್ದು. ಅದೇ ಬೀದಿಯ ಇನ್ನೊಬ್ಬ ತಾಯಿಯ ಮಗಳು ಎಸ್ಸೆಸ್ಸೆಲ್ಸಿ, ಭಾನುವಾರ ಅವಳಿಗೆ ಗಣಿತ ಹೇಳಿಕೊಡುತ್ತಾರೆ, ಎರಡನೇ ಶನಿವಾರ ಮಕ್ಕಳು ಅವರ ಮನೆಯಲ್ಲಿ. 3:30ರ ಸಾಲಿಗೆ ಮಾತ್ರ ದುಡ್ಡು ಕೊಡುವುದೇ ಸರಿ ಅಂದೆ. ದಿನಾ ಬೀಳುವ ಕೆಲಸವನ್ನು ಸ್ನೇಹದ ಮೇಲೆ ಹಾಕಬಾರದು, ಸ್ನೇಹವೂ ಹೋಗುತ್ತೆ ಕೆಲಸವೂ ಹೋಗುತ್ತೆ. ಮೂರು ಮನೆ ಆಚೆ ಬ್ಲೌಸ್ ಹೊಲಿಯುವ ಒಬ್ಬರು ತಿಂಗಳಿಗೆ 2,500ಕ್ಕೆ ಒಪ್ಪಿದರು. ಮಗಳು ಅಲ್ಲಿ ಹೋಮ್‌ವರ್ಕ್ ಮಾಡುತ್ತಾಳೆ, ಮಿಕ್ಕ ಹೊತ್ತು ಹುಕ್ಕು ಜೋಡಿಸಿ ಡಬ್ಬಿಗೆ ಹಾಕುತ್ತಾಳೆ.

ಕ್ಲಾಸ್ ಟೀಚರ್‌ಗೆ ಹೇಳುವುದೋ ಬೇಡವೋ ಅಂತ ತುಂಬಾ ದಿನ ಒದ್ದಾಡಿದರು. ಕೊನೆಗೆ ಹೇಳಿದ್ದು ಎರಡೇ ಮಾತು: ನಾವಿಬ್ಬರೂ ಬೇರೆ ಇದ್ದೇವೆ, ಇವಳು ಮಂಕಾದರೆ ನನಗೆ ಒಂದು ಮೆಸೇಜ್ ಹಾಕಿ. ಕಾರಣ, ಕಥೆ ಯಾವುದೂ ಇಲ್ಲ. ಮಗಳನ್ನು ಕರೆದುಕೊಂಡು ಹೋಗಬಹುದಾದವರ ಹೆಸರು ಫೋಟೊ ಸಮೇತ ಶಾಲೆಗೆ ಕೊಟ್ಟರು. ಜನನ ಪ್ರಮಾಣಪತ್ರ, ತಾಯಿ ಕಾರ್ಡ್, ಆಧಾರ್, ಗಂಡನ ಕಡೆಯ ಜಾತಿ ಪ್ರಮಾಣಪತ್ರದ ಜೆರಾಕ್ಸ್, ಎಲ್ಲದರ ಒಂದು ಸೆಟ್ ಓನರ್ ಆಂಟಿಯ ಬೀರುವಿನಲ್ಲಿ ಇದೆ. ಕೊನೆಯದಂತೂ ಮರೀಬೇಡಿ. ಮಕ್ಕಳ ಜಾತಿ ಪ್ರಮಾಣಪತ್ರಕ್ಕೆ ಹೋದಾಗ ತಂದೆಯ ಕಡೆಯ ದಾಖಲೆ ಕೇಳುತ್ತಾರೆ, ಆ ಹೊತ್ತಿಗೆ ಕೇಳಲು ಮುಖ ಇರುವುದಿಲ್ಲ.

ಮಗನ ವಿಷಯ ಕಾರ್ಖಾನೆಯಲ್ಲೇ ಬಗೆಹರಿಯಿತು. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯಿಂದ ಬಂದ ನಿಯಮದಂತೆ 50 ಅಥವಾ ಜಾಸ್ತಿ ಜನ ಇರುವ ಕಡೆ ಮಕ್ಕಳನ್ನು ಬಿಡಲು ಶಿಶುಪಾಲನಾ ಕೇಂದ್ರ ಇರಬೇಕು. ಇವರ ಕಾರ್ಖಾನೆಯಲ್ಲಿ ಬೋರ್ಡ್ ಇತ್ತು, ಒಳಗೆ ಹಳೇ ಫೈಲು ತುಂಬಿತ್ತು. ಒಬ್ಬರೇ ಕೇಳಿದಾಗ "ನೋಡೋಣ" ಅಂದರು. ಪ್ಯಾಕಿಂಗ್‌ನ ಐದಾರು ಹೆಂಗಸರೂ ಸೇರಿ ಬರೆದುಕೊಟ್ಟ ಮೇಲೆ ಫೈಲು ಹೊರಗೆ ಬಂತು, ಒಬ್ಬ ಆಯಾ ಒಳಗೆ ಬಂದರು. ಆ ಹೆಂಗಸರಲ್ಲಿ ಇನ್ನಿಬ್ಬರು ಗಂಡನಿಂದ ದೂರ ಇದ್ದವರು ಅಂತ ಇವರಿಗೆ ಗೊತ್ತಾಗಿದ್ದೇ ಆಗ.

ಕೋರ್ಟಿನ ಬೆಂಚು

ಇವರು ಮೊದಲು ಖಾಸಗಿ ವಕೀಲರಿಗೆ ಸಾಲ ಮಾಡಿ ಫೀಸು ಕೊಟ್ಟಿದ್ದರು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿ ಹೆಂಗಸರಿಗೆ ಉಚಿತ ವಕೀಲರು ಸಿಗುತ್ತಾರೆ, ಸಂಬಳ ಎಷ್ಟೇ ಇರಲಿ. ಬಡವರಿಗೆ ಮಾತ್ರ ಅಂತ ತುಂಬಾ ಜನ ತಿಳಿದುಕೊಂಡಿದ್ದಾರೆ, ಹಾಗಲ್ಲ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ಅರ್ಜಿ ಕೊಟ್ಟರಾಯಿತು, 15100ಕ್ಕೆ ಫೋನು ಮಾಡಿದರೂ ದಾರಿ ಹೇಳುತ್ತಾರೆ. ಹೊಸ ವಕೀಲೆ ಅಲ್ಲಿಂದ ಸಿಕ್ಕರು. ಹೆಂಡತಿ ತಾನು ಈಗ ಇರುವ ಊರಿನಲ್ಲೇ ವಿಚ್ಛೇದನದ ಅರ್ಜಿ ಹಾಕಬಹುದು, ಹಿಂದೂ ವಿವಾಹ ಕಾಯ್ದೆಗೆ 2003ರಲ್ಲಿ ಇದು ಸೇರಿದೆ. ಹಾಗಾಗಿ ಬೆಂಗಳೂರಿಗೆ ಓಡಾಟ ತಪ್ಪಿತು. ಜೀವನಾಂಶದ ಕೇಸಿನಲ್ಲಿ ಇಬ್ಬರೂ ಆಸ್ತಿ, ಆದಾಯ, ಸಾಲದ ಅಫಿಡವಿಟ್ ಕೊಡಲೇಬೇಕು ಅಂತ ಸುಪ್ರೀಂ ಕೋರ್ಟ್ 2020ರಲ್ಲಿ ರಜನೇಶ್ ವಿರುದ್ಧ ನೇಹಾ ಪ್ರಕರಣದಲ್ಲಿ ಹೇಳಿದೆ. ಗಂಡನ ಸಾಲ ನಿಜವಾಗಿ ಎಷ್ಟು ಅಂತ ಇವರಿಗೆ ಮದುವೆಯಾಗಿ ಮೊದಲ ಸಲ ಗೊತ್ತಾಗಿದ್ದು ಆ ಕಾಗದದಿಂದ.

ಕೌಟುಂಬಿಕ ನ್ಯಾಯಾಲಯದಲ್ಲಿ ಹೆಸರು ಕೂಗುವವರೆಗೆ ಕಾಯೋದೇ ಜಾಸ್ತಿ. ಆ ಬೆಂಚಿನ ಮೇಲೆ ಪಕ್ಕದಲ್ಲಿ ಕೂತಿದ್ದವರೊಬ್ಬರು ಡಬ್ಬಿ ತೆಗೆದು "ಚಿತ್ರಾನ್ನ ತಿಂತೀರಾ?" ಅಂದರಂತೆ. ಅವರಿಗೂ ಒಬ್ಬ ಮಗ, ಮನೆ ನಾಲ್ಕು ಸ್ಟಾಪ್ ಆಚೆ. ಇಬ್ಬರ ಕೇಸಿನ ಡೇಟ್ ಬೇರೆ ಬೇರೆ, ಅದೇ ಅನುಕೂಲ ಆಯಿತು. ಇವರ ಡೇಟ್ ಇದ್ದ ದಿನ ಅವರು ಮಕ್ಕಳಿಗೆ, ಅವರ ಡೇಟ್ ಇದ್ದ ದಿನ ಇವರು. "ಸುಮ್ನೆ ಮಾತಾಡಕ್ಕೆ" ಸಾಲಿನಲ್ಲಿ ಇವತ್ತಿಗೂ ಇರುವ ಒಂದೇ ಹೆಸರು ಅದು. ಮಕ್ಕಳು ಅಪ್ಪನ ಜೊತೆ ಇರುವ ಭಾನುವಾರ ಇಬ್ಬರೂ ಕುಕ್ಕರಹಳ್ಳಿ ಕೆರೆ ಸುತ್ತ ನಡೆಯುತ್ತಾರೆ, ಕೇಸಿನ ಮಾತು ಒಂದು ಸುತ್ತಿಗೆ ಮುಗಿಸಬೇಕು ಅಂತ ಒಪ್ಪಂದ. ನಡುವೆ ನಿದ್ದೆ ಪೂರ್ತಿ ಕೆಟ್ಟ ಒಂದು ಕಾಲ ಬಂದಿತ್ತು. ಆಗ ಗೆಳತಿ ಸಾಲದು ಅಂತ ನಾನೇ ಹೇಳಿ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಮಾತಾಡಿಸಿದೆ. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ಅತ್ತೆ

ಇದೇ ಈ ಪ್ರಕರಣದ ಜಗಳದ ಭಾಗ. ಯುಗಾದಿ ದಿನ ಬೆಂಗಳೂರಿನಿಂದ ಅತ್ತೆ ಫೋನು ಮಾಡಿದರು. "ನೀನು ನನ್ನ ಮಗನ ಜೊತೆ ಇರ್ತೀಯೋ ಬಿಡ್ತೀಯೋ, ಅದು ನಿಮ್ಮಿಬ್ರುದ್ದು. ನನ್ನ ಮೊಮ್ಮಕ್ಕಳು ಹಬ್ಬಕ್ಕೆ ಏನು ತಿಂದ್ರು ಅಂತ ನನಗೆ ಯಾರು ಹೇಳ್ತಾರೆ?" ಇವರ ತವರಿನವರು ಎಲ್ಲರೂ ಬೇಡ ಅಂದರು. ಒಳಗೆ ಬಿಟ್ಟರೆ ಮಕ್ಕಳನ್ನೇ ಎತ್ತಿಕೊಂಡು ಹೋಗುತ್ತಾರೆ ಅನ್ನುವ ಭಯ. ಆ ಭಯವನ್ನು ಕಡಿಮೆ ಮಾಡಿದ್ದು ನಾನಲ್ಲ, ವಕೀಲೆ. 1956ರ ಹಿಂದೂ ಅಪ್ರಾಪ್ತವಯಸ್ಕರ ಕಾಯ್ದೆಯಲ್ಲಿ 5 ವರ್ಷದ ಒಳಗಿನ ಮಗು ಸಾಮಾನ್ಯವಾಗಿ ತಾಯಿಯ ಹತ್ತಿರವೇ ಇರಬೇಕು ಅಂತ ಇದೆ, ದೊಡ್ಡ ಮಗುವಿಗೆ ಕೋರ್ಟು ನೋಡುವುದು ಮಗುವಿನ ಹಿತ, ಅಜ್ಜಿ ಬಂದು ಹೋದ ಮಾತ್ರಕ್ಕೆ ಏನೂ ಬದಲಾಗುವುದಿಲ್ಲ ಅಂತ ಬಿಡಿಸಿ ಹೇಳಿದರು.

ಮೊದಲು ಭಾನುವಾರ ವಿಡಿಯೋ ಕಾಲ್. ಆಮೇಲೆ ದಸರಾ ರಜೆಗೆ ಅತ್ತೆ ಮೈಸೂರಿಗೆ ಬಂದರು. ಬರುವ ಮೊದಲೇ ಇವರು ಫೋನಿನಲ್ಲಿ ಮೂರು ವಿಷಯ ಹೇಳಿದರು: ಮಕ್ಕಳ ಮುಂದೆ ಕೋರ್ಟಿನ ಮಾತು ಬೇಡ, ಅವರನ್ನು ಕೂರಿಸಿಕೊಂಡು ಮನೆಗೆ ಯಾರ್ಯಾರು ಬರ್ತಾರೆ ಅಂತ ಕೇಳಬೇಡಿ, ಅವರಪ್ಪ ಬರುವುದಿದ್ದರೆ ಮೊದಲೇ ತಿಳಿಸಿ. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು "ಆಯ್ತು" ಅಂದರು. ಮಧ್ಯದಲ್ಲಿ ಎರಡನೇ ಷರತ್ತು ಒಂದು ಸಲ ಮುರಿಯಿತು, ಮಗಳೇ ಬಂದು ಹೇಳಿದಳು. ಇವರು ಕೂಗಾಡಲಿಲ್ಲ. "ಅತ್ತೆ, ನಿಮಗೆ ಏನು ಕೇಳಬೇಕೋ ನನ್ನನ್ನೇ ಕೇಳಿ" ಅಂದರು. ಮತ್ತೆ ಆಗಿಲ್ಲ.

ಬೇಸಿಗೆ ರಜೆ ಅನ್ನುವ ದೊಡ್ಡ ಸಾಲು ತುಂಬಿದ್ದು ಹೀಗೆ, ಏಪ್ರಿಲ್‌ನಲ್ಲಿ ಅಮ್ಮ, ಮೇನಲ್ಲಿ ಅತ್ತೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಬಂದಿರುವುದರಿಂದ ಇಬ್ಬರು ಅಜ್ಜಿಯರಿಗೂ ಕೆಂಪು ಬಸ್ಸಿನಲ್ಲಿ ಟಿಕೆಟ್ ಸೊನ್ನೆ. ದುಡ್ಡಿಗಿಂತ ಹೆಚ್ಚಾಗಿ, ಮಗನ ಹತ್ತಿರ ಕೈಯೊಡ್ಡದೆ ಹೊರಡಬಹುದು ಅನ್ನೋದು ಆ ಅತ್ತೆಗೆ ದೊಡ್ಡ ವಿಷಯ. ರೇಷನ್ ಕಾರ್ಡ್ ಇನ್ನೂ ಬೆಂಗಳೂರಿನದ್ದೇ, ಅದರಲ್ಲಿ ಯಜಮಾನಿ ಅತ್ತೆ, ಹಾಗಾಗಿ ಗೃಹಲಕ್ಷ್ಮಿಯ 2,000 ಅವರ ಖಾತೆಗೇ ಬೀಳುತ್ತದೆ. ಜೂನ್‌ನಲ್ಲಿ ಮಕ್ಕಳ ಶೂ, ಬ್ಯಾಗು ಅದರಲ್ಲೇ ಬರುತ್ತದೆ. ಹೆಸರು ತೆಗೆಸಿ ಬೇರೆ ಕಾರ್ಡ್ ಮಾಡಿಸಿ ಅಂತ ನಾನು ಹೇಳುತ್ತಲೇ ಇದ್ದೇನೆ, ಸದ್ಯಕ್ಕೆ ಇವರಿಗೆ ಅವಸರ ಇಲ್ಲ.

ಇದನ್ನು ಓದಿ ಎಲ್ಲರೂ ಅತ್ತೆಯನ್ನು ಕರೆಯಲು ಹೋಗಬೇಡಿ. ಇಲ್ಲಿ ಹಿಂಸೆ ಇರಲಿಲ್ಲ, ಅತ್ತೆ ಮಗನ ಪರ ವಕಾಲತ್ತು ಹಿಡಿದು ಬಂದವರೂ ಅಲ್ಲ. ಹೊಡೆತ, ಬೆದರಿಕೆ ಇದ್ದ ಮನೆಯಾದರೆ ವಿಳಾಸ ಕೂಡ ಕೊಡಬಾರದು. ಅಲ್ಲಿ ಮೊದಲ ಫೋನು ಮಹಿಳಾ ಸಹಾಯವಾಣಿ 181ಕ್ಕೆ, 2005ರ ಕೌಟುಂಬಿಕ ಹಿಂಸೆ ಕಾಯ್ದೆಯ ಕೆಳಗೆ ರಕ್ಷಣಾಧಿಕಾರಿ ಇದ್ದಾರೆ, ಹಿಂಸೆಗೆ ಸಿಕ್ಕಿದ ಹೆಂಗಸರಿಗೆ ನೆರವು ಕೊಡುವ ಸಖಿ ಕೇಂದ್ರ ಇದೆ. ಆಗ ಕಟ್ಟಬೇಕಾದ ಬಳಗವೇ ಬೇರೆ.

ಮಕ್ಕಳ ಅಪ್ಪನ ಹೆಸರು ನೋಟ್‌ಬುಕ್ಕಿನಲ್ಲಿ ಇರಬೇಕಾ ಅಂತ ಒಂದು ದಿನ ಪೂರ್ತಿ ಚರ್ಚೆ ಆಯಿತು. ನನ್ನ ಅಭಿಪ್ರಾಯ, ಅವರು ಸಹಾಯಕ್ಕೆ ಬರುವವರಲ್ಲ, ಅಪ್ಪ. ಹಾಗಾಗಿ ಅವರಿಗೆ ಥ್ಯಾಂಕ್ಸೂ ಬೇಡ, ನಾಲ್ಕನೇ ಗೆರೆಯೂ ಬೇಡ. ಮೊದಲ ಮತ್ತು ಮೂರನೇ ಭಾನುವಾರ ಅವರದ್ದು. ಶುರುವಿನಲ್ಲಿ ಬೆಳಿಗ್ಗೆ 9ಕ್ಕೆ ಬರ್ತೀನಿ ಅಂದು 11ಕ್ಕೆ "ಆಗಲ್ಲ" ಅಂತ ಮೆಸೇಜ್ ಬರುತ್ತಿತ್ತು, ಮಗ ಶೂ ಹಾಕಿಕೊಂಡು ಮೆಟ್ಟಿಲ ಮೇಲೆ ಕೂತಿರುತ್ತಿದ್ದ. ಮಧ್ಯಸ್ಥಿಕೆಯಲ್ಲಿ ಒಂದು ಸಾಲು ಬರೆಸಿದರು, ಬರಲಾಗದಿದ್ದರೆ ಶುಕ್ರವಾರ ರಾತ್ರಿಯೊಳಗೆ ಹೇಳಬೇಕು. ಈಗ ಹೇಳುತ್ತಾರೆ. ಮಕ್ಕಳ ಹಲ್ಲಿನ ಡಾಕ್ಟರ್ ಕೆಲಸವೂ ಅವರದ್ದೇ.

ಎರಡನೇ ಹೆಸರು

ಎಲ್ಲ ಕೂಡಿ ಬಂತು ಅನ್ನುವಾಗ ಓನರ್ ಆಂಟಿ ಮಗಳ ಬಾಣಂತನಕ್ಕೆ ಪುಣೆಗೆ ಹೊರಟರು, ನಾಲ್ಕು ತಿಂಗಳು. ಅದೇ ಸಮಯಕ್ಕೆ ಬ್ಲೌಸ್ ಹೊಲಿಯುವವರಿಗೆ ಮದುವೆ ಸೀಸನ್. ಹದಿಮೂರು ಸಾಲಿನಲ್ಲಿ ಐದು ಖಾಲಿ. ಇವರು ಮತ್ತೆ ಮೊದಲಿನ ಹಾಗೆ ರಜೆ ಹಾಕಿ ಮನೆಯಲ್ಲಿ ಕೂತರು, ಸಂಬಳ ಕಟ್ ಆಯಿತು. ಆಗ "ಯಾರು" ಅನ್ನುವ ಕಡೆ ಪ್ರತಿ ಸಾಲಿಗೂ ಎರಡನೇ ಹೆಸರು ಬರೆಯುವ ಕೆಲಸ ಶುರುವಾಯಿತು. ಕೇಳುವುದು ಈ ಸಲ ಅಷ್ಟು ಕಷ್ಟ ಆಗಲಿಲ್ಲ. ವಿಚಿತ್ರ ಅಂದರೆ ಎರಡನೇ ಹೆಸರುಗಳಲ್ಲಿ ಮೂರು, ಮೊದಲ ವಾರ "ಏನಾದ್ರೂ ಬೇಕಿದ್ರೆ ಹೇಳಮ್ಮ" ಅಂದಿದ್ದ ಅದೇ ನೆಂಟರದ್ದು. ಗಂಟೆ, ವಾರ ಹೇಳಿ ಕೇಳಿದಾಗ ಬಂದರು. ಅತ್ತಿಗೆಯ ಹೆಸರೂ ಇದೆ. ಅವರ ತಮ್ಮನ ಪಿಯುಸಿ ಅಡ್ಮಿಷನ್ನಿಗೆ ಇವರು ಮೈಸೂರಿನಲ್ಲಿ ಎರಡು ದಿನ ಓಡಾಡಿ ಕೊಟ್ಟಿದ್ದರು.

ಮಗಳ ಸೋಮವಾರದ ಹೊಟ್ಟೆನೋವು ಈಗ ಅಪರೂಪಕ್ಕೆ ಬರುತ್ತದೆ, ಅದೂ ಕನ್ನಡ ಡಿಕ್ಟೇಷನ್ ಇದ್ದ ಸೋಮವಾರ. ಇವರು ತಾಯಿಗೆ ಒಂದು ಮಾತು ನೇರವಾಗಿ ಹೇಳಿದರು, "ನನಗೆ ಬೈಬೇಕಾದ್ರೆ ಫೋನಲ್ಲಿ ಬೈ, ಮನೇಲಿ ಬೇಡ." ತಾಯಿ ಈಗ ಮಧ್ಯಾಹ್ನ ಊಟದ ಹೊತ್ತಿಗೆ ಕಾರ್ಖಾನೆಗೇ ಫೋನು ಮಾಡಿ ಬೈಯುತ್ತಾರಂತೆ.

ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಇಬ್ಬರೂ ಸಹಿ ಹಾಕಿ ಅರ್ಜಿ ಕೊಟ್ಟಾಗಿದೆ. ಒಂದು ವರ್ಷ ಬೇರೆ ಇದ್ದದ್ದು ಕಳೆದಿದೆ. ಆರು ತಿಂಗಳ ಕಾಯುವ ಅವಧಿಯನ್ನು ಕೋರ್ಟು ಬೇಕಾದರೆ ಬಿಡಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಆದರೆ ಇವರು ಬಿಡಿ ಅಂತ ಕೇಳಿಲ್ಲ. ಅಪ್ಪನ ಭಾನುವಾರ, ಇಬ್ಬರು ಅಜ್ಜಿಯರ ರಜೆಯ ವಾರ, ಶುಕ್ರವಾರ ರಾತ್ರಿಯ ಮೆಸೇಜ್, ಎಲ್ಲ ಷರತ್ತಿನಲ್ಲಿ ಟೈಪ್ ಆಗಿದೆ. ಜೂನ್ ಫೀಸಿನ ಅರ್ಧ ಯಾವ ತಾರೀಖಿನೊಳಗೆ ಬರಬೇಕು ಅನ್ನುವ ಒಂದು ಸಾಲಿನ ಮೇಲೆ ಇನ್ನೂ ಎಳೆದಾಟ ನಡೆದಿದೆ. ಗಂಡ ಜುಲೈ ಅನ್ನುತ್ತಾರೆ, ಶಾಲೆ ಮೇ ಅನ್ನುತ್ತದೆ.